ವಾರಿಜಳ ಗಾಡಿಗೆ ನಾಲ್ಕು ಹನಿ ಎಣ್ಣೆ

ಮೋಟಾರ್‌ಸೈಕಲ್ ಸ್ಟಾರ್ಟ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅಷ್ಟು ದೃಢವಾಗಿರಲು ಕಾರಣ, ಅದುವರೆಗೆ ನಾನು ಒಂದನ್ನೂ ಸ್ಟಾರ್ಟ್ ಮಾಡಿರಲಿಲ್ಲ. ನನ್ನ ಹೆಂಡತಿ ವಾರಿಜ ದಿನಾ ಬೆಳಿಗ್ಗೆ ಐದೂವರೆಗೆ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡುತ್ತಿದ್ದಳು. ನೋಡಲು ಬಹಳ ಸುಲಭವಾಗಿತ್ತು. ಹಾಸಿಗೆಯಲ್ಲಿ ಮಲಗಿಕೊಂಡು ಕೇಳಲು ಇನ್ನೂ ಸುಲಭ.

ಆ ಗಾಡಿಯ ಪೂರ್ವಾಪರ ಸ್ವಲ್ಪ ಹೇಳಬೇಕು. ನಾವು ಉಡುಪಿ ಕಡೆಯವರು. ವಿಮಾ ಕಂಪನಿಯಲ್ಲಿದ್ದ ನನ್ನ ಗುಮಾಸ್ತಿಕೆ ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮನ್ನು ವಡೋದರಕ್ಕೆ ತಂದು, ಗೋರ್ವಾದ ಒಂದು ಹೌಸಿಂಗ್ ಸೊಸೈಟಿಯ ಮೊದಲ ಮಹಡಿಯಲ್ಲಿ ಇಳಿಸಿತು. ನಾನು ಕಛೇರಿಯಲ್ಲಿ ಕಡತ ತಿರುವುತ್ತಿದ್ದೆ. ವಾರಿಜ ಮನೆಯಲ್ಲಿ ದೋಸೆ ಹಿಟ್ಟು ರುಬ್ಬತೊಡಗಿದಳು. ಮೊದಲು ಎದುರು ಮನೆಗೆ ಒಂದು ಡಬ್ಬಿ, ನಂತರ ಇಡೀ ಸೊಸೈಟಿಗೆ, ಆಮೇಲೆ ಸುತ್ತಲಿನ ನಾಲ್ಕೈದು ಬಡಾವಣೆಗಳಿಗೆ. ಕೈಚೀಲಗಳು ಸಾಲದೇ ಹೋದಾಗ ಅವಳು ಹಾಲಿನವರ ಗಾಡಿಯ ಹಾಗೆ ಎರಡೂ ಬದಿಗೆ ಕ್ಯಾನು ತೂಗುಹಾಕುವ ಕಬ್ಬಿಣದ ಕೊಕ್ಕೆಗಳಿದ್ದ ಒಂದು ಹಳೆಯ ಮೋಟಾರ್‌ಸೈಕಲ್ ತಂದಳು. ಮೂರು ದಿನದಲ್ಲಿ ಕಲಿತಳು. ನಾಲ್ಕನೇ ದಿನ ನನಗೆ ಹೇಳಿದಳು, "ನೀವೂ ಕಲೀರಿ ಮಾರಾಯ್ರೆ, ಎಂತ ಕಷ್ಟ ಇಲ್ಲ."

ನನಗೆ ಕಛೇರಿ ಇದೆ ಎಂದೆ. ಹದಿಮೂರು ವರ್ಷ ನನಗೆ ಕಛೇರಿ ಇತ್ತು.

ಕಳೆದ ಫೆಬ್ರವರಿಯಲ್ಲಿ ವಾರಿಜ ಹೋದಳು. ಮೂರು ದಿನ ಆಸ್ಪತ್ರೆಯಲ್ಲಿದ್ದೆವು. ನಾಲ್ಕನೆಯ ದಿನ ನಾನು ಮತ್ತು ಮಗಳು ಇಬ್ಬರೇ ಮನೆಗೆ ಬಂದೆವು. ಅದರ ಬಗ್ಗೆ ಇಲ್ಲಿ ಇಷ್ಟು ಸಾಕು. ಇದು ಮೋಟಾರ್‌ಸೈಕಲ್ಲಿನ ಕಥೆ.

ಗಾಡಿ ಮೆಟ್ಟಿಲಿನ ಕೆಳಗೆ ಹಳೆಯ ಬೆಡ್‌ಶೀಟು ಹೊದ್ದು ನಿಂತಿತು. ದಿನಾ ಅದರ ಪಕ್ಕದಲ್ಲೇ ಹೋಗಿಬರುತ್ತಿದ್ದೆ. ಹತ್ತು ತಿಂಗಳು ಇಬ್ಬರೂ ಪರಸ್ಪರ ಮಾತಾಡಲಿಲ್ಲ.

ಜನವರಿ ಶುರುವಾದಾಗ ಮೇಘಾ ಫೋನ್ ಮಾಡಿದಳು. ಮೇಘಾ ನಮ್ಮ ಒಬ್ಬಳೇ ಮಗಳು. ಸೂರತ್ತಿನ ಉಧ್ನಾದಲ್ಲಿ ಗಂಡನ ಜೊತೆ ಇದ್ದಾಳೆ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡದೊಳಗೆ ಇನ್ನೂ ಮೂರು ಭಾಷೆಗಳು ಬಾಡಿಗೆಗೆ ಇವೆ.

"ಪಪ್ಪಾ, ಆ ಗಾಡಿ ಕೊಟ್ಟುಬಿಡೋಣ. ನಿಮ್ಮ ದೂಧ್‌ವಾಲಾ ಎರಡು ಸಲ ಕೇಳಿದನಂತೆ. ಕ್ಯಾನ್‌ಗೆ ಕೊಕ್ಕೆ ಎಲ್ಲ ರೆಡಿ ಇದೆ ಅಂತ."

"ಯಾರು ಹೇಳಿದ್ದು ನಿಂಗೆ?"

"ಜಯಂತಿ ಅಂಕಲ್."

ಜಯಂತಿಭಾಯಿ ಎಂದರೆ ನಮ್ಮ ಎದುರು ಮನೆಯವರು. ಮಕರಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ಮಶೀನು ನಡೆಸಿ ನಿವೃತ್ತರಾದವರು. ಸುದ್ದಿಯನ್ನೂ ಸಾಣೆ ಹಿಡಿದೇ ಕಳಿಸುತ್ತಾರೆ.

"ಕೊಡುವುದಿಲ್ಲ," ಎಂದೆ. "ನಾನು ಓಡಿಸ್ತೇನೆ."

 ಕರೆ ತುಂಡಾಯಿತೇನೋ ಎಂದುಕೊಂಡೆ.

"ನೀವು?"

"ಲೈಸೆನ್ಸ್ ಉಂಟು ನಂಗೆ."

"ಪಪ್ಪಾ, ಆ ಲೈಸೆನ್ಸ್ ನೀವು ಸಿಮ್ ಕಾರ್ಡ್ ತಗೊಳ್ಳೋಕೆ ಮಾತ್ರ ಯೂಸ್ ಮಾಡಿದ್ದು!" ಆಮೇಲೆ ಅವಳ ದನಿ ಇಳಿಯಿತು. "ಮಮ್ಮಿ ಹೋದಳು. ಈಗ ನೀವು ರೋಡಲ್ಲಿ ಬಿದ್ದರೆ ನಾನೇನು ಮಾಡಲಿ, ಹೇಳಿ?"

 ಉತ್ತರವಿಲ್ಲದಾಗ ನಾನು ಹಠ ಮಾಡುತ್ತೇನೆ. ಅರ್ಧ ಗಂಟೆಯ ಮಾತುಕತೆಯ ನಂತರ ಒಂದು ಒಪ್ಪಂದವಾಯಿತು. ಉತ್ತರಾಯಣದ, ಅಂದರೆ ಸಂಕ್ರಾಂತಿಯ, ಗಾಳಿಪಟದ ಹಬ್ಬ ಮುಗಿದ ಮೇಲಿನ ಭಾನುವಾರ ಅವಳು ಬೆಳಗಿನ ರೈಲಿಗೆ ಬರುತ್ತಾಳೆ. ಅವಳ ಕಣ್ಣೆದುರು ನಾನು ಗಾಡಿ ಸ್ಟಾರ್ಟ್ ಮಾಡಿ, ಸೊಸೈಟಿಗೆ ಒಂದು ಸುತ್ತು ಹಾಕಿ, ಬೀಳದೆ ವಾಪಸು ಬರಬೇಕು. ಬಂದರೆ ಗಾಡಿ ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಅದೇ ದಿನ ಹಾಲಿನವನಿಗೆ. ಮರುಮಾತಿಲ್ಲ.

ಎರಡು ವಾರ ಸಮಯವಿತ್ತು. ಎರಡು ವಾರ! ಅವಳಮ್ಮ ಮೂರು ದಿನದಲ್ಲಿ ಕಲಿತವಳು.

ಮರುದಿನ ಬೆಳಿಗ್ಗೆ ಬೆಡ್‌ಶೀಟು ತೆಗೆದೆ. ಎರಡೂ ಟೈರು ನೆಲಕ್ಕೆ ಕೂತಿದ್ದವು. ಸೀಟಿನ ಮೇಲೆ ಪಾರಿವಾಳವೊಂದು ಸಂಸಾರ ಹೂಡಲು ಯೋಚಿಸಿ ಕೈಬಿಟ್ಟ ಗುರುತುಗಳಿದ್ದವು. ಒರೆಸಿ, ಕೀಲಿ ತಿರುಗಿಸಿ, ವಾರಿಜಳ ಹಾಗೆಯೇ ಒಂದು ಒದೆತ ಕೊಟ್ಟೆ. ಏನೂ ಆಗಲಿಲ್ಲ. ಎರಡನೆಯದು ಕೊಟ್ಟೆ. ಹದಿನೈದರ ಹೊತ್ತಿಗೆ ಸ್ವೆಟರ್ ತೆಗೆದೆ. ಮೂವತ್ತರ ಹೊತ್ತಿಗೆ ಮೆಟ್ಟಿಲ ಮೇಲೆ ಕೂತೆ. ಆಗ ಜಯಂತಿಭಾಯಿ ಇಳಿದು ಬಂದರು. ಅವರದು ಗುಜರಾತಿ, ನನ್ನದು ಹಿಂದಿ. ಇಲ್ಲಿ ಎರಡನ್ನೂ ಕನ್ನಡದಲ್ಲೇ ಹೇಳುತ್ತೇನೆ.

"ರಾವ್‌ಭಾಯಿ, ಬಲಗಾಲಿಗೆ ವ್ಯಾಯಾಮವೋ?"

"ಸ್ಟಾರ್ಟ್ ಆಗ್ತಿಲ್ಲ."

"ಪೆಟ್ರೋಲಿನ ನಲ್ಲಿ ತೆಗೆದಿದ್ದೀರಾ?"

ಮೋಟಾರ್‌ಸೈಕಲ್ಲಿಗೆ ನಲ್ಲಿ ಇದೆ ಎಂಬುದು ನನಗೆ ಗೊತ್ತಾದದ್ದು ಆವತ್ತು. ಅವರು ಟ್ಯಾಂಕಿನ ಕೆಳಗೆ ಬಗ್ಗಿ ಅದನ್ನು ತಿರುಗಿಸಿದರು. ಇನ್ನೂ ಇಪ್ಪತ್ತು ಒದೆತ ಕೊಟ್ಟೆ. ಹ್ಯಾಂಡಲ್ಲಿನಲ್ಲಿ ಎಂಜಿನ್ ಬಂದ್ ಮಾಡುವ ಕೆಂಪು ಬಟನ್ನೊಂದು ಇರುತ್ತದೆಂದೂ, ಮೊದಲಿನಿಂದಲೂ ಅದು ಬಂದ್ ಕಡೆಗೇ ಇತ್ತೆಂದೂ ಆಮೇಲೆ ತಿಳಿಯಿತು. ಅದನ್ನು ಸರಿಪಡಿಸಿ ಹತ್ತು. ನಂತರ ಜಯಂತಿಭಾಯಿ, ಸ್ಟಾರ್ಟ್ ಬಿಡಿ, ಮೊದಲು ಗೇರ್ ನೋಡೋಣ ಎಂದು ಲಿವರನ್ನು ಕಾಲಿನಿಂದ ಒತ್ತಿದರು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ.

"ಬೇಜಾರು ಮಾಡಿಕೊಂಡಿದೆ," ಎಂದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದವರ ತಾಂತ್ರಿಕ ವರದಿ ಇದು!

ಮುಖ್ಯರಸ್ತೆಯ ಸಲೀಂಭಾಯಿಯ ಗ್ಯಾರೇಜಿಗೆ ತಳ್ಳಿಕೊಂಡು ಹೊರಟೆ. ಗಾಳಿಯಿಲ್ಲದ ಟೈರಿನ ಗಾಡಿಯನ್ನು ಒಂದು ಕಿಲೋಮೀಟರ್ ತಳ್ಳುವುದೆಂದರೆ ಒಲ್ಲದ ಎಮ್ಮೆಯನ್ನು ಎಳೆದುಕೊಂಡು ಹೋದ ಹಾಗೆ. ಅರ್ಧ ದಾರಿಯಲ್ಲಿ ಒಬ್ಬ ಹೆಂಗಸು ಗೇಟು ತೆರೆದು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಓಡಿಬಂದಳು. ಗಾಡಿಯನ್ನು ಗುರುತು ಹಿಡಿದಿದ್ದಳು.

"ಹಿಟ್ಟು ಮತ್ತೆ ಶುರುವಾಯ್ತಾ? ವಾರಿಜಾಬೆನ್ ಎಲ್ಲಿ? ಊರಿಗೆ ಹೋಗಿದ್ದರಾ?"

ಹೌದು ಎಂದೆ. ಚಪ್ಪಟೆ ಟೈರಿನ ಗಾಡಿ ತಳ್ಳುತ್ತಾ ಅದಕ್ಕಿಂತ ಉದ್ದದ ಉತ್ತರ ಕೊಡುವ ಶಕ್ತಿ ನನಗಿರಲಿಲ್ಲ. ಬಂದ ಕೂಡಲೇ ಹೇಳಿ ಎಂದು ಆಕೆ ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಸಲೀಂಭಾಯಿಗೆ ಎಲ್ಲವೂ ಗೊತ್ತಿತ್ತು. ವಾರಿಜಳನ್ನು ಅವನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. "ಮಾಸಿಯ ಗಾಡಿ," ಎಂದು ಮಾತ್ರ ಹೇಳಿ, ಸ್ಟೂಲು ಎಳೆದು ನನ್ನನ್ನು ಕೂರಿಸಿದ. ಹಳೆಯ ಪೆಟ್ರೋಲನ್ನು ಸುರಿದು ಚೆಲ್ಲಿದ. ಅದು ವಾರ್ನಿಷಿನ ಹಾಗೆ ನಾರುತ್ತಿತ್ತು. ಕಾರ್ಬೊರೇಟರ್ ಬಿಚ್ಚಿ ತೊಳೆದ. ಪ್ಲಗ್ ಬದಲಿಸಿದ. ಟೈರುಗಳಿಗೆ ಗಾಳಿ ತುಂಬಿಸಿದ. ತಿಂಗಳುಗಟ್ಟಲೆ ನಿಂತ ಗಾಡಿಯೊಳಗೆ ಕ್ಲಚ್ಚಿನ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ, ಅವುಗಳನ್ನು ಬಿಡಿಸಿದ. ಮಧ್ಯಾಹ್ನ ಎರಡಕ್ಕೆ ಗಾಡಿ ಅವನ ಒಂದೇ ಒದೆತಕ್ಕೆ ಶುರುವಾಯಿತು. ನಾನು ಎದ್ದು ನಿಂತುಬಿಟ್ಟೆ. ಯಾಕೆ ಎದ್ದೆನೋ ಗೊತ್ತಿಲ್ಲ.

"ಕಾಕಾ, ತಂತಿಗಳೆಲ್ಲ ಒಣಗಿ ಹೋಗಿವೆ," ಎಂದ. "ಕ್ಲಚ್ ತಂತಿ, ಆಕ್ಸಿಲರೇಟರ್ ತಂತಿ, ಗೇರ್ ಲಿವರಿನ ಬುಡ. ಅಂಗಡಿಯಲ್ಲಿ ಮಶೀನ್ ಆಯಿಲ್ ಅಂತ ಪುಟ್ಟ ಡಬ್ಬಿ ಸಿಗುತ್ತದೆ. ನಾಲ್ಕು ನಾಲ್ಕು ಹನಿ ಬಿಡಿ. ಸಾಕು."

ಕರಾವಳಿಯಲ್ಲಿ ಹುಟ್ಟಿದವನಿಗೆ ಅಂಗಡಿಯಿಂದ ಎಣ್ಣೆ ತರಲು ಹೇಳುವುದು ಒಂದು ತರಹದ ಅವಮಾನ. ನಮ್ಮ ಮನೆಯಲ್ಲಿ ಬಾಗಿಲ ತಿರುಗಣಿಗೆ, ಅಜ್ಜನ ಗೋಡೆ ಗಡಿಯಾರಕ್ಕೆ, ಅತ್ತೆಯ ಹೊಲಿಗೆ ಮಶೀನಿಗೆ, ಬಾವಿಯ ರಾಟೆಗೆ, ಸುಟ್ಟ ಬೆರಳಿಗೆ, ಎಲ್ಲದಕ್ಕೂ ಒಂದೇ ತೆಂಗಿನೆಣ್ಣೆ. ಅವೆಲ್ಲ ಐವತ್ತು ವರ್ಷ ನಡೆದವು. ಬೆರಳು ಈಗಲೂ ಇದೆ. ನಮ್ಮ ಬಾಲ್ಕನಿಯಲ್ಲಿ ಊರಿನ ಗಾಣದ ಎಣ್ಣೆಯ ಐದು ಲೀಟರಿನ ಡಬ್ಬ ಇತ್ತು. ವಾರಿಜ ತರಿಸಿದ್ದು, ಅರ್ಧ ಮಾತ್ರ ಖರ್ಚಾಗಿತ್ತು. ಅವಳು ಹೋದ ಮೇಲೆ ನಾನು ಡಬ್ಬಾವಾಲಾ ತರುವ ಊಟ ಮಾಡುತ್ತಿದ್ದೆ, ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟಿದ್ದೆ. ಇಷ್ಟು ಶುದ್ಧವಾದ ಎಣ್ಣೆ ಮನೆಯಲ್ಲಿರುವಾಗ ಯಾವುದೋ ಅಂಗಡಿಯ ಡಬ್ಬಿ ಯಾಕೆ? ಇಷ್ಟಕ್ಕೂ ಗಾಡಿ ಅವಳದು, ಎಣ್ಣೆಯೂ ಅವಳದು.

ಮಧ್ಯಾಹ್ನ ಮೂರಕ್ಕೆ ಬಾಲ್ಕನಿಗೆ ಒಳ್ಳೆಯ ಬಿಸಿಲು. ಡಬ್ಬದಿಂದ ಒಂದು ಲೋಟ ಬಗ್ಗಿಸಿಕೊಂಡು ಕೆಳಗಿಳಿದೆ. ಸಲೀಂಭಾಯಿ ಹೇಳಿದ್ದು ನಾಲ್ಕು ಹನಿ. ಆದರೆ ಹತ್ತು ತಿಂಗಳ ಉಪವಾಸ! ನಾನು ನಾಲ್ಕು ಚಮಚ ಬಿಟ್ಟೆ. ಕ್ಲಚ್ ತಂತಿಗೆ, ಆಕ್ಸಿಲರೇಟರ್ ತಂತಿಗೆ, ಗೇರಿಗೆ, ಕಿಕ್ ಲಿವರಿನ ಬುಡಕ್ಕೆ. ಉಳಿದದ್ದನ್ನು ಚೈನಿಗೆ. ಕ್ಲಚ್ ಬೆಣ್ಣೆಯ ಹಾಗೆ ಬಂತು. ಗೇರ್ ಟಕ್ಕನೆ ಬಿತ್ತು. ಒದ್ದೆ, ಆರನೆಯ ಒದೆತಕ್ಕೆ ಸ್ಟಾರ್ಟ್ ಆಯಿತು! ಜಯಂತಿಭಾಯಿ ಬಾಲ್ಕನಿಯಿಂದಲೇ ಚಪ್ಪಾಳೆ ತಟ್ಟಿದರು. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಹತ್ತು ನಿಮಿಷ ಬುರ್‌ರ್ ಎನ್ನಿಸಿದೆ. ವಿಜಯ ಇಷ್ಟು ಬೇಗ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೇ ಇಳಿದೆ. ಯಾರೂ ನೋಡದ ಹೊತ್ತಿನಲ್ಲಿ ಕಲಿಯುವುದು ಉತ್ತಮ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಹದಿಮೂರು ವರ್ಷ ನನಗೆ ಅಲಾರಾಂ ಬೇಕಾಗಿರಲಿಲ್ಲ. ಕೆಳಗೆ ಗಾಡಿಯ ಸದ್ದು ಕೇಳಿ ಎಚ್ಚರವಾಗುತ್ತಿತ್ತು, ಮತ್ತೆ ಮಗ್ಗುಲು ಬದಲಿಸಿ ಇನ್ನೊಂದು ಗಂಟೆ ಮಲಗುತ್ತಿದ್ದೆ. ಈಗ ಎಚ್ಚರವಾಗುವುದು ಯಾವ ಸದ್ದೂ ಇಲ್ಲದ್ದರಿಂದ. ಮಧ್ಯಾಹ್ನ ಮೂರಕ್ಕೆ ಸ್ಟಾರ್ಟ್ ಆದರೆ ಸಂತೋಷವೇ. ಆದರೆ ನನಗೆ ಬೇಕಾಗಿದ್ದುದು ಬೆಳಗಿನದ್ದು.

ಕ್ಲಚ್ ಹಿಡಿದೆ. ಒಳಗೆ ಹೋಯಿತು. ಬಿಟ್ಟೆ. ಹೊರಗೆ ಬರಲಿಲ್ಲ! ಆಕ್ಸಿಲರೇಟರ್ ತಿರುಗಿಸಿದೆ, ಕಲ್ಲು. ಕಿಕ್ ಒದ್ದೆ, ಕೆಳಗೆ ಹೋದ ಲಿವರ್ ಕೆಳಗೇ ನಿಂತಿತು. ಬಗ್ಗಿ ಕೈಯಿಂದ ಮೇಲೆತ್ತಿ, ಒದ್ದು, ಮತ್ತೆ ಬಗ್ಗಿ ಎತ್ತಿ, ಒದ್ದು, ಹೀಗೆ ಅರ್ಧ ಗಂಟೆ. ದೂರದಿಂದ ನೋಡಿದವರಿಗೆ ನಾನು ಗಾಡಿಗೆ ಸಾಷ್ಟಾಂಗ ಮಾಡುತ್ತಿದ್ದೇನೆ ಎನಿಸಿರಬೇಕು.

ಎಣ್ಣೆ ಸಾಲದು ಎಂದು ತೀರ್ಮಾನಿಸಿದೆ.

ಮಧ್ಯಾಹ್ನ ಮೂರಕ್ಕೆ ಇನ್ನೊಂದು ಲೋಟ. ಆಹಾ, ಏನು ಕ್ಲಚ್! ಏನು ಗೇರ್! ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಕಲ್ಲು. ಮಧ್ಯಾಹ್ನ ಮತ್ತೆ ಲೋಟ. ಬೆಳಿಗ್ಗೆ ಕೆಡುತ್ತದೆ, ಮಧ್ಯಾಹ್ನ ಎಣ್ಣೆ ಹಾಕಿದ ಕೂಡಲೇ ಸರಿಯಾಗುತ್ತದೆ. ಆದ್ದರಿಂದ ಎಣ್ಣೆಯೇ ಔಷಧ. ಮೂವತ್ತೈದು ವರ್ಷ ವಿಮಾ ಕಡತಗಳಲ್ಲಿ ಕಾರಣ ಮತ್ತು ಪರಿಣಾಮಗಳನ್ನು ಪರಿಶೀಲಿಸಿದ ತಲೆ ಇದು. ಒಂದು ವಾರದಲ್ಲಿ ಡಬ್ಬ ಕಾಲು ಭಾಗಕ್ಕೆ ಇಳಿಯಿತು. ಉತ್ತರಾಯಣ ಬಂದು ಹೋಯಿತು. ಊರಿಡೀ ಮಹಡಿಯ ಮೇಲೆ ಗಾಳಿಪಟ ಹಾರಿಸುವಾಗ ನಾನು ಮೆಟ್ಟಿಲ ಕೆಳಗೆ ಚಮಚ ಹಿಡಿದು ಕೂತಿದ್ದೆ.

ಶುಕ್ರವಾರ ಸಲೀಂಭಾಯಿಗೆ ಫೋನ್ ಮಾಡಿ ಬೇಡಿಕೊಂಡೆ. ಪಾಪ, ಊಟದ ಬಿಡುವಿನಲ್ಲಿ ಬಂದ. ಊಟದ ಬಿಡುವು ಎಂದರೆ ಮಧ್ಯಾಹ್ನ ಎರಡು. ಕ್ಲಚ್ ಹಿಡಿದು ಬಿಟ್ಟ, ಗೇರ್ ಹಾಕಿದ, ಒಂದು ಒದೆತಕ್ಕೆ ಸ್ಟಾರ್ಟ್ ಮಾಡಿದ, ಸೊಸೈಟಿಗೆ ಒಂದು ಸುತ್ತು ಹಾಕಿ ಬಂದ.

"ಕಾಕಾ, ಗಾಡಿ ಮಖ್ಖನ್ ಆಗಿದೆ, ಬೆಣ್ಣೆ!"

"ಬೆಳಿಗ್ಗೆ ಆಗುವುದಿಲ್ಲಪ್ಪ."

"ಬೆಳಿಗ್ಗೆ ಏನಾಗುತ್ತದೆ?"

"ಕ್ಲಚ್ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಗೇರ್ ಬೀಳುವುದಿಲ್ಲ. ಯಾವುದೂ ಅಲ್ಲಾಡುವುದಿಲ್ಲ."

ಅವನು ನನ್ನನ್ನು ನೋಡಿದ. ಆ ನೋಟ ನನಗೆ ಪರಿಚಿತ. ಫೆಬ್ರವರಿಯ ನಂತರ ಬ್ಯಾಂಕಿನವರು, ಡಾಕ್ಟರು, ಡಬ್ಬಾವಾಲಾ, ಎಲ್ಲರೂ ಹಾಗೆ ನೋಡಿದ್ದಾರೆ. ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ, "ಕಾಕಾ, ಬೆಳಿಗ್ಗೆ ಎದ್ದ ಕೂಡಲೇ ಕೆಳಗೆ ಇಳಿಯಬೇಡಿ. ಸ್ವಲ್ಪ ಚಹಾ ಕುಡಿಯಿರಿ. ಯಾರೊಡನೆಯಾದರೂ ಮಾತಾಡಿ."

ಜಯಂತಿಭಾಯಿ ಮಾತ್ರ ನನ್ನನ್ನು ನಂಬಿದರು. ಶನಿವಾರ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ತಾವೇ ಬಂದು ಕ್ಲಚ್ ಹಿಡಿದು ನೋಡಿದರು. "ಸತ್ಯ, ಸತ್ಯ," ಎಂದು ತಲೆಯಾಡಿಸಿದರು. "ನನಗೆ ಗೊತ್ತಾಯಿತು, ರಾವ್‌ಭಾಯಿ. ಚಳಿಗೆ ಕಬ್ಬಿಣ ಕುಗ್ಗುತ್ತದೆ. ರಾತ್ರಿ ಇದಕ್ಕೆ ಹೊದಿಸಬೇಕು."

ವಾರಿಜಳೂ ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲೆಂದು ಪಾತ್ರೆಗಳಿಗೆ ಕಂಬಳಿ ಹೊದಿಸುತ್ತಿದ್ದಳು. ಸಲಹೆ ನನಗೆ ಶಾಸ್ತ್ರೀಯವಾಗಿಯೇ ಕಂಡಿತು. ಅಂದು ಸಂಜೆ ನಾವು ಇಬ್ಬರು ನಿವೃತ್ತ ಗಂಡಸರು ಒಂದು ಮೋಟಾರ್‌ಸೈಕಲ್ಲಿಗೆ ಎರಡು ಕಂಬಳಿ ಸುತ್ತಿ, ಹ್ಯಾಂಡಲ್ಲಿಗೆ ನನ್ನ ಮಂಗನ ಟೋಪಿ ತೊಡಿಸಿ, ಎಂಜಿನ್ನಿನ ಪಕ್ಕದಲ್ಲಿ ಬಿಸಿನೀರಿನ ರಬ್ಬರ್ ಚೀಲವನ್ನೂ ಇಟ್ಟೆವು. ಜಯಂತಿಭಾಯಿಯ ಹೆಂಡತಿ ತರಕಾರಿ ತೆಗೆದುಕೊಂಡು ಬರುತ್ತಾ ನಿಂತು ನೋಡಿದರು. "ಜ್ವರ ಎಷ್ಟಿದೆ?" ಎಂದು ಕೇಳಿ ಮೇಲೆ ಹತ್ತಿದರು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೇಘಾ ರಿಕ್ಷಾದಿಂದ ಇಳಿದಳು. ಆ ವರ್ಷದ ಅತ್ಯಂತ ಚಳಿಯ ಬೆಳಗು ಅದು ಎಂದು ಜಯಂತಿಭಾಯಿ ಹೇಳುತ್ತಿದ್ದರು. ಬಾಯಿಂದ ಹೊಗೆ ಬರುತ್ತಿತ್ತು. ಮಂಗನ ಟೋಪಿ ಹಾಕಿ ನಿಂತ ಗಾಡಿಯನ್ನು ಅವಳು ನೋಡಿದಳು. ನನ್ನನ್ನೂ ನೋಡಿದಳು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದೆ.

"ಶುರು ಮಾಡಿ ಪಪ್ಪಾ."

ಕಂಬಳಿ ತೆಗೆದೆ. ಬಿಸಿನೀರಿನ ಚೀಲ ತಣ್ಣಗೆ ಕಪ್ಪೆಯ ಹಾಗೆ ಬಿದ್ದಿತ್ತು. ಕ್ಲಚ್ ಹಿಡಿದೆ. ಇವತ್ತು ಅದು ಒಳಗೂ ಹೋಗಲಿಲ್ಲ. ಎರಡೂ ಕೈಯಿಂದ ಹಿಡಿದೆ. ಗೇರನ್ನು ತುಳಿದೆ; ನನ್ನ ಚಪ್ಪಲಿಯ ಬಾರು ಕಿತ್ತು ಹೋಯಿತು. ಕಿಕ್ಕನ್ನು ಒದ್ದೆ, ಎತ್ತಿದೆ, ಒದ್ದೆ, ಎತ್ತಿದೆ. ಜಯಂತಿಭಾಯಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ನಲವತ್ತೊಂದಕ್ಕೆ ಅವರೂ ಸುಮ್ಮನಾದರು.

"ಸಾಕು ಪಪ್ಪಾ," ಎಂದಳು ಮೇಘಾ. ಜೇಬಿನಿಂದ ಫೋನ್ ತೆಗೆದಳು. "ನಾನು ದೂಧ್‌ವಾಲಾಗೆ ಹೇಳ್ತೀನಿ. ನೀವು ಮೇಲೆ ಹೋಗಿ ಕೂತ್ಕೊಳ್ಳಿ."

"ಮಧ್ಯಾಹ್ನ ಆಗ್ತದೆ ಇದು. ಸತ್ಯವಾಗಿ. ಕೇಳು ಇವರನ್ನು."

"ಆಗುತ್ತೆ, ಆಗುತ್ತೆ," ಎಂದರು ಜಯಂತಿಭಾಯಿ. ಅವರ ದನಿಯಲ್ಲೂ ಬಲ ಇರಲಿಲ್ಲ.

"ಪಪ್ಪಾ, ಪ್ರಾಮಿಸ್ ಆಗಿತ್ತು ನಮ್ಮದು."

 ನಾನು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕಿತ್ತ ಬಾರನ್ನು ಸರಿಪಡಿಸುವ ನಾಟಕ ಮಾಡಿದೆ. ಫೋನನ್ನು ಕಿವಿಗಿಟ್ಟ ಮೇಘಾ ಇನ್ನೊಂದು ಕೈಯನ್ನು ಸುಮ್ಮನೆ ಕ್ಲಚ್ಚಿನ ಮೇಲಿಟ್ಟಳು. ಬೆರಳಿಗೆ ಏನೋ ಹತ್ತಿತು. ನೋಡಿದಳು. ಬಿಳಿ. ತಂತಿಯ ತುದಿಯಲ್ಲಿ, ಲಿವರಿನ ಬುಡದಲ್ಲಿ, ಚೈನಿನ ಉದ್ದಕ್ಕೂ ಮೇಣದ ಹಾಗೆ ಬಿಳಿ. ವಾರವಿಡೀ ಅದನ್ನು ನಾನೂ ನೋಡಿದ್ದೆ. ಚಳಿಗಾಲದ ಇಬ್ಬನಿ ಎಂದುಕೊಂಡಿದ್ದೆ.

ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಫೋನು ಕಿವಿಯಿಂದ ಇಳಿಯಿತು. ಆ ಕಡೆಯಿಂದ ಹಾಲಿನವನು ಹಲೋ ಹಲೋ ಎನ್ನುತ್ತಿದ್ದ.

"ಪಪ್ಪಾ," ಎಂದಳು. "ಇದು ಮಮ್ಮಿಯ ತಲೆಯ ಸ್ಮೆಲ್."

ಬೆರಳನ್ನು ನನ್ನ ಮೂಗಿನ ಮುಂದೆಯೂ ಹಿಡಿದಳು.

"ನೀವು ಗಾಡಿಗೆ ತೆಂಗಿನೆಣ್ಣೆ ಹಾಕಿದ್ದೀರಾ?"

"ನಾಲ್ಕು ಹನಿ," ಎಂದೆ.

"ಕೋಪರೇಲ್?" ಜಯಂತಿಭಾಯಿ ತಮ್ಮ ಭಾಷೆಯಲ್ಲಿ ಕೂಗಿದರು. "ಗಾಡಿಗೆ ಕೋಪರೇಲ್? ರಾವ್‌ಭಾಯಿ, ಇದನ್ನು ಓಡಿಸಬೇಕಿತ್ತೋ, ಜಡೆ ಹಾಕಬೇಕಿತ್ತೋ?"

"ನಮ್ಮೂರಲ್ಲಿ ಎಲ್ಲದಕ್ಕೂ ಇದನ್ನೇ ಹಾಕುವುದು."

"ನಿಮ್ಮೂರಲ್ಲಿ ಚಳಿ ಇಲ್ಲ ಪಪ್ಪಾ! ಇಲ್ಲಿ ಚಳಿಗೆ ಅದು ಕಲ್ಲಾಗುತ್ತೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೀರಿ. ಬಾತ್‌ರೂಮಿನ ಬಾಟಲ್ ದಿನಾ ಬೆಳಿಗ್ಗೆ ಜಮ್ ಆಗಿರ್ತಿತ್ತು, ನೋಡಿಲ್ವಾ?"

"ಇಲ್ಲ," ಎಂದೆ. "ನಾನು ಸ್ನಾನಕ್ಕೆ ಹೋಗುವಾಗ ಯಾವಾಗಲೂ ನೀರಿನ ಹಾಗೇ ಇರ್ತಿತ್ತು."

ಮೇಘಾ ಬೆರಳಿಗೆ ಹತ್ತಿದ ಬಿಳಿಯನ್ನು ಇನ್ನೊಂದು ಬೆರಳಿನಿಂದ ಉಜ್ಜಿದಳು. ಆಮೇಲೆ ಸಿಟ್ಟಿಲ್ಲದೆ ಹೇಳಿದಳು, "ಇರ್ತಿತ್ತು. ಮಮ್ಮಿ ಹಿಟ್ಟು ಕೊಟ್ಟು ಬಂದು, ಬಾಟಲನ್ನು ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲಿಗೆ ಇಡ್ತಿದ್ದಳು. ಕರಗಿದ ಮೇಲೆ ಒಳಗೆ ಇಟ್ಟು, ಆಮೇಲೆ ನಿಮ್ಮನ್ನು ಸ್ನಾನಕ್ಕೆ ಕರೀತಿದ್ದಳು. ಡೈಲಿ."

ಇಪ್ಪತ್ತೆರಡು ಚಳಿಗಾಲ. ತೆಂಗಿನೆಣ್ಣೆ ಎಂಬುದು ಹುಟ್ಟಿನಿಂದಲೇ ತೆಳ್ಳಗಿರುವ ವಸ್ತು ಎಂದು ನಾನು ನಂಬಿದ್ದೆ. ಅದರ ಹಿಂದೆ ಒಬ್ಬರ ದಿನನಿತ್ಯದ ನೌಕರಿ ಇದೆ ಎಂದು ನನಗೆ ಯಾರೂ ತಿಳಿಸಿರಲಿಲ್ಲ. ಅವಳೂ ತಿಳಿಸಲಿಲ್ಲ. ಇದು ಅವಳಿಲ್ಲದ ಮೊದಲ ಚಳಿಗಾಲ. ಸಹಜವಾಗಿಯೇ, ಎಲ್ಲ ಗಟ್ಟಿಯಾಗಿತ್ತು.

 ಜಯಂತಿಭಾಯಿ ಮೇಘಾಳ ಕಡೆ ತಿರುಗಿದರು. "ಬೇಟಾ ಮೇಘಾ, ಒಪ್ಪಂದದಲ್ಲಿ ಗಂಟೆ ಬರೆದಿತ್ತಾ?"

"ಇಲ್ಲ ಅಂಕಲ್. ಭಾನುವಾರ ಅಂತ ಇತ್ತು."

"ಭಾನುವಾರ ಸಂಜೆಯವರೆಗೂ ಇರುತ್ತದೆ. ತಳ್ಳಿ ಬಿಸಿಲಿಗೆ!"

ಮೂವರೂ ಸೇರಿ ಗಾಡಿಯನ್ನು ಸೊಸೈಟಿಯ ಅಂಗಳಕ್ಕೆ ತಳ್ಳಿ, ಬಿಸಿಲು ಬೀಳುವ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಪಕ್ಕದಲ್ಲೇ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಮೇಲಿನಿಂದ ಚಹಾ ಬಂತು, ಉತ್ತರಾಯಣಕ್ಕೆ ಮಾಡಿದ್ದ ಎಳ್ಳಿನ ಚಿಕ್ಕಿ ಬಂತು. ಹೋಗುವವರು ಬರುವವರು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. "ಗಾಡಿ ಕರಗಲಿ ಎಂದು ಕಾಯುತ್ತಿದ್ದೇವೆ," ಎಂದು ಜಯಂತಿಭಾಯಿ ಎಲ್ಲರಿಗೂ ಗಂಭೀರವಾಗಿ ಹೇಳಿದರು. ಹಾಲಿನವನು ಎರಡು ಸಲ ಫೋನ್ ಮಾಡಿದ. ಮೇಘಾ ಎತ್ತಲಿಲ್ಲ. ಮರದಲ್ಲಿ ಸಿಕ್ಕಿಹಾಕಿಕೊಂಡಿದ್ದ ಹರಿದ ಗಾಳಿಪಟಗಳನ್ನು ನೋಡುತ್ತಾ ಅವಳು ಅಮ್ಮನ ಬಗ್ಗೆ ಮಾತಾಡಿದಳು. ಶಾಲೆಗೆ ತಡವಾದಾಗ ಎರಡು ಕ್ಯಾನುಗಳ ನಡುವೆ ಕೂರಿಸಿಕೊಂಡು ಹೋಗುತ್ತಿದ್ದುದು, ಯೂನಿಫಾರ್ಮಿಗೆ ಹಿಟ್ಟು ಮೆತ್ತಿ ಟೀಚರ್ ಬೈದದ್ದು. ನಾನು ಕೇಳದ ಕಥೆಗಳೇ ಹೆಚ್ಚು. ನನಗೆ ಕಛೇರಿ ಇತ್ತಲ್ಲ.

ಹನ್ನೊಂದರ ಹೊತ್ತಿಗೆ ಗಾಡಿ ಬೆವರಿತು. ಚೈನಿನಿಂದ, ತಂತಿಗಳಿಂದ ಹನಿ ಹನಿಯಾಗಿ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. ಇಡೀ ಅಂಗಳದಲ್ಲಿ ಎಣ್ಣೆಸ್ನಾನದ ಮನೆಯ ಪರಿಮಳ. ಸೊಸೈಟಿಯ ಎರಡು ನಾಯಿಗಳು ಬಂದು ಹಿಂದಿನ ಚಕ್ರವನ್ನು ನೆಕ್ಕತೊಡಗಿದವು, ಅವುಗಳನ್ನು ಓಡಿಸಿದ್ದಾಯಿತು.

ಹನ್ನೊಂದೂವರೆಗೆ ಕ್ಲಚ್ ಹಿಡಿದೆ. ಒಳಗೆ ಹೋಯಿತು, ಹೊರಗೂ ಬಂತು! ಒದ್ದೆ. ಮೂರನೆಯ ಒದೆತಕ್ಕೆ ಸ್ಟಾರ್ಟ್!

"ಪಪ್ಪಾ, ನಿಧಾನ," ಎಂದಳು ಮೇಘಾ. ಅವಳ ಮುಖ 'ಬೇಡ' ಎನ್ನುತ್ತಿತ್ತು. ಆದರೂ ಬಾಯಿ ಹಾಗೆ ಹೇಳಲಿಲ್ಲ.

ಗೇರ್ ಒತ್ತಿದೆ. ಟಕ್ ಎಂದು ಒಂದನೆಯದು ಬಿತ್ತು. ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಕುಪ್ಪಳಿಸಿ ಹೊರಟೇಬಿಟ್ಟಿತು. ಎರಡೂ ಕಾಲು ನೆಲದಿಂದ ಎತ್ತುವುದಕ್ಕೇ ಹತ್ತು ಮಾರು ಬೇಕಾಯಿತು. ಮುಂದೆ ಎರಡನೆಯ ಗೇರಿಗೆ ಹಾಕಬೇಕು ಎಂದು ಗೊತ್ತಿತ್ತು. ಅದಕ್ಕೆ ಎಡಗಾಲನ್ನು ಕದಲಿಸಬೇಕಿತ್ತು. ಎಡಗಾಲು ಒಪ್ಪಲಿಲ್ಲ. ಹೀಗಾಗಿ ಒಂದನೆಯ ಗೇರಿನಲ್ಲಿಯೇ, ಆಕಾಶ ಹರಿಯುವಂಥ ಸದ್ದಿನೊಂದಿಗೆ, ಇರುವೆಯ ವೇಗದಲ್ಲಿ ನಾನು ಸಾಗಿದೆ.

ಜಯಂತಿಭಾಯಿ ಪಕ್ಕದಲ್ಲಿ ನಡೆದುಕೊಂಡೇ ಬಂದರು. ಅವಸರವಿಲ್ಲದೆ ನಡೆದರು. ನಡುವೆ ತಮ್ಮ ಮೊಣಕಾಲು ನೋವಿನ ವಿಷಯವನ್ನೂ ಹೇಳಿದರು. ತಿರುವಿನಲ್ಲಿ ತರಕಾರಿಯ ಕೈಗಾಡಿಯವನು ಹಿಂದಿನಿಂದ "ಸೈಡ್, ಸೈಡ್" ಎಂದು ಕೂಗಿ ನನ್ನನ್ನು ದಾಟಿಕೊಂಡು ಹೋದ. ಬದನೆಕಾಯಿ ತುಂಬಿಸಿಕೊಂಡು, ತಳ್ಳಿಕೊಂಡು!

ಒಂದು ಸುತ್ತು ಮುಗಿಯಲು ಹನ್ನೆರಡು ನಿಮಿಷ ಹಿಡಿಯಿತು. ನಿಲ್ಲಿಸುವುದನ್ನು ನಾನು ಕಲಿತಿರಲಿಲ್ಲವಾದ್ದರಿಂದ ಪ್ಲಾಸ್ಟಿಕ್ ಕುರ್ಚಿಗಳೇ ಆ ಕೆಲಸ ಮಾಡಿದವು. ಒಂದು ಕುರ್ಚಿಯ ಕಾಲು ಮುರಿಯಿತು. ನಾನು ಬೀಳಲಿಲ್ಲ. ದಾಖಲೆಗಾಗಿ ಇನ್ನೊಮ್ಮೆ ಬರೆಯುತ್ತೇನೆ: ಬೀಳಲಿಲ್ಲ.

ಮೇಘಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಎರಡೂ. ಫೋನ್ ತೆಗೆದು ಹಾಲಿನವನಿಗೆ, ಭಾಯ್, ಗಾಡಿ ಕೊಡುವುದಿಲ್ಲ, ಬೇರೆ ನೋಡಿಕೊಳ್ಳಿ ಎಂದಳು.

ನನ್ನ ಎದೆ ಉಬ್ಬಿತು. "ನೋಡಿದೆಯಾ, ಹೇಗೆ ಓಡಿಸಿದೆ?"

"ನೋಡಿದೆ ಪಪ್ಪಾ," ಎಂದಳು ಕಣ್ಣೊರೆಸಿಕೊಂಡು. "ಗಾಡಿ ಇರಲಿ. ಈ ಸ್ಪೀಡಲ್ಲಿ ನಿಮಗೆ ಏನೂ ಆಗಲ್ಲ."

ಸಲೀಂಭಾಯಿ ತಂತಿಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ತಾನೇ ಮಶೀನ್ ಆಯಿಲ್ ಹಾಕಿಕೊಟ್ಟ. ಎಣಿಸಿದೆ, ನಾಲ್ಕೇ ಹನಿ. ಈಗ ದಿನಾ ಬೆಳಿಗ್ಗೆ ನಾನು ಸೊಸೈಟಿಗೆ ಒಂದು ಸುತ್ತು ಹಾಕುತ್ತೇನೆ. ವಾಕಿಂಗಿಗೆ ಹೊರಟವರು ಜೊತೆಗೆ ನಡೆಯುತ್ತಾರೆ; ಅವರಲ್ಲಿ ಹೆಚ್ಚಿನವರು ನನಗಿಂತ ಮೊದಲು ಮನೆ ಮುಟ್ಟುತ್ತಾರೆ. ಈ ಗಾಡಿಗೆ ಎರಡನೆಯ ಗೇರೂ ಇದೆ ಎಂದು ಸಲೀಂಭಾಯಿ ಹೇಳುತ್ತಾನೆ. ಇರಬಹುದು. ನಾನು ನೋಡಿಲ್ಲ.